ಮೂರನೇ ಪಂಪಿನ ನಾಲ್ಕನೇ ಕಾಲು

ಮೂವತ್ತೊಂದು ವರ್ಷ ಜನ ನನ್ನನ್ನು ಡಾಕ್ಟ್ರು ಎಂದು ಕರೆದರು. ನಾನು ಓದಿದ್ದು ಹತ್ತನೇ ತರಗತಿ. ಅದನ್ನೂ ಎರಡು ಸಲ ಓದಿದೆ, ಹಾಗಾಗಿ ಬೇಕಿದ್ದರೆ ಹನ್ನೊಂದು ಎಂದು ಹಿಡಿಯಬಹುದು. ಊರಿಗೆ ನೀರು ಹತ್ತಿಸುವ ಪಂಪ್‌ಹೌಸಿನಲ್ಲಿ ನಾನು ಹಿರಿಯ ಫಿಟ್ಟರ್. ಒಳಗೆ ಮೂರು ಪಂಪು, ಅವನ್ನು ತಿರುಗಿಸುವ ಮೂರು ಮೋಟರು, ಹಸಿರು ಬಣ್ಣ ಬಳಿದ ನೆಲ, ಕೈಗೆಟುಕದ ಕಿಟಕಿಗಳು, ಮೂಲೆಯಲ್ಲೊಂದು ಕಬ್ಬಿಣದ ಮೇಜು. ಪಂಪು ನಿಂತರೆ ಊರಿನ ನಲ್ಲಿಗಳು ಒಣಗುತ್ತವೆ, ನಲ್ಲಿ ಒಣಗಿದರೆ ಊರಿಗೆ ನನ್ನ ನೆನಪಾಗುತ್ತದೆ. ಹೀಗೆ ಊರಿನವರ ಬಾಯಾರಿಕೆಯ ಮೇಲೆ ನಾನು ದೊಡ್ಡ ಮನುಷ್ಯನಾದೆ.

ನನ್ನ ವೈದ್ಯ ಪದ್ಧತಿ ಇಷ್ಟೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಇರುವ ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದೆ. ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಿದ್ದರು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಕಣ್ಣು ತೆರೆದು, "ಹೋಯ್ತು" ಎನ್ನುತ್ತಿದ್ದೆ. ಅಷ್ಟು ಹೊತ್ತಿಗೆ ಬೇರಿಂಗ್ ಕಾದು ಗ್ರೀಸು ಸುಟ್ಟ ವಾಸನೆ ಗೇಟಿನವರೆಗೂ ಹೋಗಿರುತ್ತಿತ್ತು. ಹೋಗಿದೆ ಎಂದು ಹೇಳಲು ಕಿವಿ ಬೇಕಿರಲಿಲ್ಲ, ಮೂಗಿದ್ದರೆ ಸಾಕಿತ್ತು. ಆದರೂ "ಕಿವಿ ಅಂದ್ರೆ ಡಾಕ್ಟ್ರದ್ದು ಕಿವಿ" ಎಂದು ಎಲ್ಲರೂ ತಲೆದೂಗುತ್ತಿದ್ದರು. ನಿಜ ಹೇಳಬೇಕೆಂದರೆ ಹತ್ತರಲ್ಲಿ ಆರು ಸಲ ನನಗೆ ಕೇಳಿಸುತ್ತಿದ್ದದ್ದು ನನ್ನದೇ ಎದೆಬಡಿತ.

ಆಮೇಲೆ ಶಸ್ತ್ರಚಿಕಿತ್ಸೆ. ಹಳೇ ಬೇರಿಂಗನ್ನು ಎಳೆದು ಬಿಸಾಕಿ, ಹೊಸದನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಿದ್ದೆ. ಮೋಟರಿನ ಶಾಫ್ಟೂ ಪಂಪಿನ ಶಾಫ್ಟೂ ಒಂದೇ ನೇರಕ್ಕೆ ಇರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಎರಡೂ ಒಂದನ್ನೊಂದು ಎಳೆದಾಡುತ್ತವೆ. ಆ ನೇರವನ್ನು ನಾನು ಒಂದು ಉಕ್ಕಿನ ಅಡಿಪಟ್ಟಿ ಇಟ್ಟು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ನೋಡಿ ತೀರ್ಮಾನಿಸುತ್ತಿದ್ದೆ. ಬಲಗಣ್ಣಿಗೆ ಕನ್ನಡಕ ಬೇಕು ಎಂದು ಕಣ್ಣಿನ ಆಸ್ಪತ್ರೆಯವರು ಹೇಳಿ ನಾಲ್ಕು ವರ್ಷವಾಗಿತ್ತು. ಡಾಕ್ಟ್ರಿಗೇ ಡಾಕ್ಟರು ಹೇಳೋದಾ ಎಂದು ನಾನು ಆ ಚೀಟಿಯನ್ನು ಎಲ್ಲೋ ಇಟ್ಟು ಮರೆತಿದ್ದೆ.

ಕೊನೆಗೆ ಬೋಲ್ಟು ಬಿಗಿಯುವುದು. ನನಗೆ ಕೆಲಸ ಕಲಿಸಿದ ಮುದಿ ಮೇಸ್ತ್ರಿಗೆ ಇದ್ದದ್ದು ಒಂದೇ ಸಿದ್ಧಾಂತ: ಬೋಲ್ಟು ಇನ್ನು ತಿರುಗುವುದಿಲ್ಲ ಅನ್ನಿಸಿದ ಮೇಲೆ ಇನ್ನೂ ಅರ್ಧ ಸುತ್ತು. ಸ್ಪಾನರಿಗೆ ಮೂರಡಿ ಪೈಪು ಸಿಕ್ಕಿಸಿ ನೇತಾಡುತ್ತಿದ್ದೆವು. ಯಾರು ಬಿಗಿದ ಬೋಲ್ಟನ್ನು ಇನ್ನೊಬ್ಬ ಬಿಚ್ಚಲಾರನೋ ಅವನೇ ಗಂಡಸು ಎಂಬುದು ನಮ್ಮ ಪಂಪ್‌ಹೌಸಿನ ನಂಬಿಕೆ. ಎಷ್ಟೋ ಸಲ ನಾನು ಬಿಗಿದದ್ದನ್ನು ನನಗೇ ಬಿಚ್ಚಲಾಗದೆ ಗ್ಯಾಸ್ ಕಟರ್ ತರಿಸಿದ್ದೇನೆ. ಅದನ್ನೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ.

ಮೂರನೇ ಪಂಪು ನನ್ನ ಕಾಯಂ ರೋಗಿ. ವರ್ಷಕ್ಕೆ ಮೂರು ಸಲ ಮಲಗುತ್ತಿತ್ತು. ಮೂರು ಸಲವೂ ನಾನು ಓಡಿಹೋಗಿ ಎಬ್ಬಿಸುತ್ತಿದ್ದೆ, ಮೂರು ಸಲವೂ ದೊಡ್ಡ ಸಾಹೇಬರು ಬೆನ್ನು ತಟ್ಟುತ್ತಿದ್ದರು. ಗುಣವಾದ ರೋಗಿ ನಾಲ್ಕೇ ತಿಂಗಳಲ್ಲಿ ಮತ್ತೆ ಯಾಕೆ ಬರುತ್ತಾನೆ ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಿಕೊಳ್ಳಲಿಲ್ಲ, ಯಾಕೆಂದರೆ ಉತ್ತರ ಮೊದಲೇ ಸಿದ್ಧವಿತ್ತು. ಆ ಉತ್ತರ ನನ್ನ ಭಾವಮೈದುನ.

ನನ್ನ ಹೆಂಡತಿಯ ಒಬ್ಬನೇ ತಮ್ಮ ಅವನು. ಆರು ವರ್ಷದ ಹಿಂದೆ ನಾನೇ ಸಾಹೇಬರ ಹತ್ತಿರ ಮಾತಾಡಿ ಅವನನ್ನು ಪಂಪ್ ಆಪರೇಟರ್ ಆಗಿ ಸೇರಿಸಿದೆ. ಸೇರಿಸಿದ ವಿಷಯವನ್ನು ವಾರಕ್ಕೊಂದು ಸಲ ಅವನಿಗೂ ದಿನಕ್ಕೊಂದು ಸಲ ಅವನ ಅಕ್ಕನಿಗೂ ನೆನಪಿಸುತ್ತಿದ್ದೆ. ಮಾತು ಕಡಿಮೆ, ಕೆಲಸದಲ್ಲಿ ಅಚ್ಚುಕಟ್ಟು. ಮೂರನೇ ಪಂಪು ಓಡುವುದು ಹಗಲು ಪಾಳಿಯಲ್ಲಿ ಮಾತ್ರ, ಹಗಲು ಪಾಳಿ ಅವನದು. ಅವನು ಸೇರಿದ ತಿಂಗಳೇ ಆ ಪಂಪಿಗೆ ಹೊಸ ಮೋಟರು ಬಂದಿತ್ತು. ಹಳೇ ಮೋಟರು ಹನ್ನೆರಡು ವರ್ಷ ತೊಂದರೆ ಕೊಡದೆ ಓಡಿತ್ತು, ಹೊಸದು ನಾಲ್ಕನೇ ತಿಂಗಳಲ್ಲೇ ಕೈಕೊಟ್ಟಿತು. ಹೊಸ ಮೋಟರು, ಹೊಸ ಆಪರೇಟರ್. ಮೋಟರನ್ನು ಕೂರಿಸಿದವನು ನಾನು. ತಪ್ಪು ಯಾರದೆಂದು ಕಂಡುಹಿಡಿಯಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಕಬ್ಬಿಣದ ಮೇಜಿನ ಮೇಲೆ ಒಂದು ರಿಜಿಸ್ಟರು ಇರುತ್ತಿತ್ತು. ಯಾವ ಪಂಪು, ಯಾವ ದಿನ, ಏನು ಕೆಟ್ಟಿತು, ಏನು ಮಾಡಿದೆವು, ಎಲ್ಲಕ್ಕೂ ಒಂದೊಂದು ಕಾಲಂ. ಕೊನೆಯ ಕಾಲಂ 'ಕಾರಣ'. ರಿಪೇರಿ ಮಾಡಿದವನೇ ಅದನ್ನು ತುಂಬಬೇಕೆಂದು ನಮ್ಮಲ್ಲಿ ಪದ್ಧತಿ. ಕಳ್ಳನ ಕೈಗೇ ಪಂಚನಾಮೆ ಬರೆಯಲು ಕೊಟ್ಟ ಹಾಗೆ. ನಾನು ಕೈ ಒರೆಸಿಕೊಂಡು, ಪೆನ್ನು ತೆಗೆದು, ದುಂಡಗಿನ ಅಕ್ಷರದಲ್ಲಿ "ಆಪರೇಟರನ ಅಜಾಗರೂಕತೆ" ಎಂದು ಬರೆಯುತ್ತಿದ್ದೆ. ಆರು ವರ್ಷದಲ್ಲಿ ಹದಿನೇಳು ಸಲ ಬರೆದೆ. ಹದಿನೇಳು ಸಲವೂ ಅವನು ಪಕ್ಕದಲ್ಲೇ ನಿಂತು ಓದಿದ, ಸಹಿ ಹಾಕಿದ.

"ನಾನೇನ್ ಮಾಡ್ದೆ ಭಾವ?" ಎಂದು ಮೊದಲನೇ ಸಲ ಕೇಳಿದ್ದ.

"ಧಡಕ್ ಅಂತ ಸ್ಟಾರ್ಟ್ ಮಾಡಿದ್ದೀಯ. ಬೇರಿಂಗ್ ನೋಡಿದ್ರೆ ಗೊತ್ತಾಗುತ್ತೆ" ಎಂದಿದ್ದೆ. ಬೇರಿಂಗ್ ನೋಡಿದರೆ ಅಂಥದ್ದೇನೂ ಗೊತ್ತಾಗುವುದಿಲ್ಲ. ಮೂರನೇ ಸಲದ ನಂತರ ಅವನು ಕೇಳುವುದನ್ನೇ ಬಿಟ್ಟ. ಒಪ್ಪಿಕೊಂಡ ಎಂದು ನನಗೆ ಸಮಾಧಾನವಾಯಿತು.

ಹದಿನೇಳನೇ ಸಲ ಪಂಪು ನಿಂತಾಗ ಅರ್ಧ ಊರಿಗೆ ಎರಡು ದಿನ ನೀರಿರಲಿಲ್ಲ. ಆಸ್ಪತ್ರೆಗೆ ಟ್ಯಾಂಕರಿನಲ್ಲಿ ಕಳಿಸಬೇಕಾಯಿತು. ಮೇಲಿನ ಕಚೇರಿಯಿಂದ ದೊಡ್ಡ ಸಾಹೇಬರಿಗೆ ಛೀಮಾರಿ ಬಂತು. ಸಾಹೇಬರು ರಿಜಿಸ್ಟರು ತರಿಸಿ ಕೊನೆಯ ಕಾಲಮನ್ನು ಮೇಲಿನಿಂದ ಕೆಳಗೆ ಓದಿದರು. ಭಾವಮೈದುನನಿಗೆ ನೋಟೀಸು ಬಂತು: ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ, ತಕ್ಕ ಉತ್ತರ ಕೊಡದಿದ್ದರೆ ಕೆಲಸದಿಂದ ವಜಾ. ಅಲ್ಲಿಯವರೆಗೆ ಪಂಪ್ ಮುಟ್ಟುವ ಹಾಗಿಲ್ಲ. ಅವನು ದಿನಾ ಬಂದು ಪಂಪ್‌ಹೌಸಿನ ಹೊರಗಿನ ಬೆಂಚಿನ ಮೇಲೆ ಕೂತು, ಸಂಜೆ ಎದ್ದು ಹೋಗುತ್ತಿದ್ದ.

ಮನೆಯಲ್ಲಿ ಹೆಂಡತಿ ತಟ್ಟೆ ಇಡುವ ಸದ್ದೇ ಬದಲಾಯಿತು.

"ನೀವು ಹೇಳಿದ್ರೆ ಸಾಹೇಬ್ರು ಕೇಳ್ತಾರಲ್ರೀ" ಎಂದಳು.

"ನೋಡ್ತೀನಿ ಕಣೇ. ಆದ್ರೆ ತಪ್ಪು ತಪ್ಪೇ ಅಲ್ವಾ? ನಿನ್ನ ತಮ್ಮ ಅಂತ ನಾನು ಮುಲಾಜು ನೋಡಕ್ಕಾಗುತ್ತಾ?" ಎಂದೆ. ಎಂಥ ನ್ಯಾಯವಂತ ಗಂಡ ಸಿಕ್ಕಿದ್ದಾನೆ ಎಂದು ಅವಳು ಮೆಚ್ಚಿಕೊಳ್ಳುತ್ತಾಳೆಂದು ಎಣಿಸಿದ್ದೆ. ಅವಳು ಎದ್ದು ಒಳಗೆ ಹೋದಳು.

ಆ ಮಂಗಳವಾರ ಮೇಲಿನ ಕಚೇರಿಯಿಂದ ಒಬ್ಬ ಇಂಜಿನಿಯರ್ ಮೇಡಂ ಬಂದರು. ಪಂಪನ್ನು ಪರೀಕ್ಷಿಸಿ ವಿಚಾರಣೆಗೆ ವರದಿ ಕೊಡಬೇಕಂತೆ. ಮೂವತ್ತು ದಾಟಿರಲಿಕ್ಕಿಲ್ಲ. ಕತ್ತರಿಸಿದ ಕೂದಲು, ದಪ್ಪ ತಳದ ಬೂಟು, ಕೈಯಲ್ಲೊಂದು ಕಪ್ಪು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಪುಟ್ಟ ಗಡಿಯಾರದಂಥ ಡಯಲ್ ಗೇಜು, ಅದನ್ನು ನಿಲ್ಲಿಸಲು ಒಂದು ಅಯಸ್ಕಾಂತದ ಗೂಟ. ಒಂದು ಗೆರೆ ಎಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ಸಂಜೆಯೊಳಗೆ ನಾನು ಅವರಿಗೆ 'ಗಡಿಯಾರದ ಮೇಡಂ' ಎಂದು ಹೆಸರಿಟ್ಟು, ಸ್ಟೋರಿನವನನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದೆ.

ಬುಧವಾರ ಅವರ ಮುಂದೆ ನನ್ನ ವಿದ್ಯೆ ಪ್ರದರ್ಶನ ಮಾಡಿದೆ. ಮೂರನೇ ಪಂಪನ್ನು ಹಚ್ಚಿಸಿ, ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಮುಚ್ಚಿ, ಹತ್ತರ ಬದಲು ಹದಿನೈದು ಎಣಿಸಿದೆ.

"ಏನ್ ಕೇಳಿಸ್ತು ಮೇಸ್ತ್ರಿ?" ಎಂದರು ಮೇಡಂ.

"ಒರಟಾಗಿದೆ ಮೇಡಂ."

"ಎಷ್ಟು?"

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಸುಮಾರಾಗಿ" ಎಂದೆ. ಅವರು ತಮ್ಮ ಪುಸ್ತಕದಲ್ಲಿ ಏನೂ ಬರೆದುಕೊಳ್ಳಲಿಲ್ಲ. ಬಗ್ಗಿ, ಮೋಟರೂ ಪಂಪೂ ಸೇರುವ ಕಪ್ಲಿಂಗಿನ ಕೆಳಗೆ ಬೆರಳಾಡಿಸಿದರು. ಬೆರಳು ಕಪ್ಪಾಯಿತು.

"ಇಲ್ಲಿ ರಬ್ಬರ್ ಪುಡಿ ಬಿದ್ದಿದೆಯಲ್ಲ. ಯಾವಾಗಲೂ ಬೀಳುತ್ತಾ?"

"ಬೀಳುತ್ತೆ ಮೇಡಂ. ನಾನು ಚೆನ್ನಾಗಿ ಗುಡಿಸ್ತೀನಿ" ಎಂದೆ, ಹೊಗಳಿಕೆ ಸಿಗಬಹುದೆಂದು. ಶಾಫ್ಟು ಎರಡೂ ನೇರಕ್ಕಿಲ್ಲದೆ ಕಪ್ಲಿಂಗಿನೊಳಗಿನ ರಬ್ಬರು ಅರೆದುಹೋಗುತ್ತಿದೆ ಎಂದು ಆ ಪುಡಿ ಆರು ವರ್ಷದಿಂದ ಹೇಳುತ್ತಲೇ ಇತ್ತು. ನಾನು ಆರು ವರ್ಷದಿಂದ ಗುಡಿಸುತ್ತಲೇ ಇದ್ದೆ.

ಮೇಡಂ ಪಂಪು ನಿಲ್ಲಿಸಲು ಹೇಳಿದರು. ಮೋಟರಿಗೆ ನಾಲ್ಕು ಕಾಲು, ಪ್ರತಿ ಕಾಲಿಗೂ ಒಂದು ಬೋಲ್ಟು. ಒಂದು ಕಾಲಿನ ಮೇಲೆ ಡಯಲಿನ ಮುಳ್ಳು ಕೂರಿಸಿ, ಸೊನ್ನೆಗೆ ತಂದು, "ಈ ಬೋಲ್ಟ್ ಒಂದನ್ನ ಸಡಿಲ ಮಾಡಿ. ಕಾಲು ಎಷ್ಟು ಏಳುತ್ತೆ ನೋಡೋಣ. ಐದು ಗೆರೆಯೊಳಗಿದ್ರೆ ಪರವಾಗಿಲ್ಲ" ಎಂದರು. ಪೈಪು ಸಿಕ್ಕಿಸಿ ಸಡಿಲ ಮಾಡಿದೆ. ಎರಡು ಗೆರೆ. ಮತ್ತೆ ಬಿಗಿದು ಎರಡನೇ ಕಾಲು: ಮೂರು ಗೆರೆ. ಮೂರನೆಯದು: ಎರಡು. ನಾನು ಸ್ಟೋರಿನವನ ಕಡೆ ನೋಡಿ ಕಣ್ಣು ಹೊಡೆದೆ.

ನಾಲ್ಕನೇ ಬೋಲ್ಟು ಸಡಿಲವಾಗುತ್ತಿದ್ದ ಹಾಗೆ ಡಯಲಿನ ಮುಳ್ಳು ಓಡತೊಡಗಿತು. ಹತ್ತು, ಇಪ್ಪತ್ತು, ಮೂವತ್ತು. ನಲವತ್ಮೂರಕ್ಕೆ ಹೋಗಿ ನಿಂತಿತು.

"ಈ ಕಾಲು ನೆಲಕ್ಕೆ ತಾಗೇ ಇಲ್ಲ ಮೇಸ್ತ್ರಿ. ಕುಂಟುವ ಮೇಜಿನ ಥರ" ಎಂದರು ಮೇಡಂ. "ಬೋಲ್ಟ್ ಬಿಗಿದಾಗೆಲ್ಲ ಇದನ್ನ ಬಲವಂತವಾಗಿ ಕೆಳಗೆಳೆದು, ಮೋಟರ್ ಮೈಯನ್ನೇ ತಿರುಚಿದ ಹಾಗಾಗುತ್ತೆ. ಬೇರಿಂಗ್ ಕೂರೋ ಜಾಗ ಸೊಟ್ಟ ಆಗುತ್ತೆ. ಹೊಸ ಬೇರಿಂಗ್ ಹಾಕಿದ ದಿನವೇ ಸಾಯೋಕೆ ಶುರು ಮಾಡುತ್ತೆ. ಜಾಸ್ತಿ ಬಿಗಿದಷ್ಟೂ ಬೇಗ."

ಜಾಸ್ತಿ ಬಿಗಿದಷ್ಟೂ ಬೇಗ. ನನ್ನ ಮೂರಡಿ ಪೈಪು ಗೋಡೆಗೆ ಒರಗಿ ನಿಂತಿತ್ತು. ನಾನು ಮೆಲ್ಲಗೆ ಅದರ ಮುಂದೆ ಬಂದು ನಿಂತೆ, ಮೇಡಂಗೆ ಕಾಣದಿರಲೆಂದು.

ಅವರು ಕಾಲನ್ನು ಸನ್ನೆಗೋಲಿನಿಂದ ಎತ್ತಿಸಿ, ಅಡಿಗೆ ಕೊಟ್ಟಿದ್ದ ಪ್ಯಾಕಿಂಗ್ ತಗಡುಗಳನ್ನು ಇಕ್ಕಳದಿಂದ ಎಳೆದು ತೆಗೆದರು. ಏಳು ತುಂಡು, ಮುದುರಿಕೊಂಡು ಸ್ಪ್ರಿಂಗಿನಂತಾಗಿದ್ದವು. ಒರೆಸಿದಾಗ ಒಂದರ ಮೇಲೆ ನೀಲಿ ಬಣ್ಣ, ಅರ್ಧ ಗಿಳಿಯ ಚಿತ್ರ. ಅದು ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಹೆಂಡತಿ ಗುಂಡಿ, ಸೂಜಿ, ದಾರ ಇಡುತ್ತಿದ್ದಳು. ಹೊಸ ಮೋಟರು ಕೂರಿಸಿದ ದಿನ ಒಂದು ಕಾಲು ತೇಲುತ್ತಿತ್ತು. ಸರಿಯಾದ ದಪ್ಪದ ತಗಡು ಸ್ಟೋರಿನಲ್ಲಿರಲಿಲ್ಲ, ಸಾಹೇಬರು ಹೂಮಾಲೆ ಹಿಡಿದು ಉದ್ಘಾಟನೆಗೆ ಕಾಯುತ್ತಿದ್ದರು. ನಾನು ಮನೆಗೆ ಓಡಿ, ಗುಂಡಿಗಳನ್ನು ಮಂಚದ ಮೇಲೆ ಸುರಿದು, ಡಬ್ಬಿ ತಂದು, ಕತ್ತರಿಸಿ ತುರುಕಿ, ಬಿಗಿದಿದ್ದೆ. ಹೆಂಡತಿ ಒಂದು ತಿಂಗಳು ಆ ಡಬ್ಬಿ ಹುಡುಕಿದಳು. ನಾನೂ ಜೊತೆಗೂಡಿ ಹುಡುಕಿದ್ದೆ.

"ಇದನ್ನ ಯಾರು ಇಟ್ಟಿದ್ದು?" ಎಂದರು ಮೇಡಂ.

"ಗೊತ್ತಿಲ್ಲ ಮೇಡಂ. ನಾನು ಕೆಲಸಕ್ಕೆ ಸೇರೋಕೆ ಮುಂಚೆ ಇಟ್ಟಿರಬೇಕು."

ಮೇಡಂ ಮೋಟರಿನ ಮೈಮೇಲಿದ್ದ ಫಲಕ ನೋಡಿದರು. ತಯಾರಾದ ವರ್ಷ ದಪ್ಪಕ್ಷರದಲ್ಲಿ ಕೊರೆದಿತ್ತು. ನನ್ನ ನರೆತ ತಲೆಯನ್ನೂ ನೋಡಿದರು. ಆರು ವರ್ಷದ ಮೋಟರಿನ ಕೆಳಗೆ ಮೂವತ್ತೊಂದು ವರ್ಷದ ಹಿಂದೆ ತಗಡು ಇಟ್ಟ ಮಹಾನುಭಾವ ಯಾರು ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

"ನನ್ನ ವರದಿಯಲ್ಲಿ ಅಳತೆ ಮಾತ್ರ ಇರುತ್ತೆ" ಎಂದರು. "ಕಾಲು ಮೊದಲಿಂದ ಹೀಗಿತ್ತಾ, ಆಪರೇಟರ್ ಸ್ಟಾರ್ಟ್ ಮಾಡೋ ಏಟಿಗೆ ಹೀಗಾಯ್ತಾ, ಅದನ್ನ ಅಳತೆ ಹೇಳಲ್ಲ. ಗೊತ್ತಿಲ್ಲದ್ದನ್ನ ನಾನು ಬರೆಯಲ್ಲ. ರಿಜಿಸ್ಟರಲ್ಲಿ ನಿಮ್ಮ ಬರಹ ಇದೆ. ಸಾಹೇಬ್ರು ಅದನ್ನೇ ನಂಬ್ತಾರೆ."

ಗುರುವಾರ ಆ ಕೆಲಸವನ್ನು ನನ್ನ ಕೈಯಲ್ಲೇ ಮಾಡಿಸಿದರು. ಅಡಿಪಾಯದ ತುಕ್ಕು ಕೆರೆದು, ಅರ ಹಾಕಿ, ಬಟ್ಟೆಯಲ್ಲಿ ಒರೆಸಿದೆ. ಏಳು ತುಂಡಿನ ಜಾಗದಲ್ಲಿ ಅಳೆದು ತಂದ ಒಂದೇ ಒಂದು ಸ್ಟೇನ್‌ಲೆಸ್ ತಗಡು. ಬೇರಿಂಗನ್ನು ಬಡಿಯುವಂತಿಲ್ಲ, ಹದವಾಗಿ ಬಿಸಿ ಮಾಡಬೇಕು. ಬಿಸಿಯಾದ ಬೇರಿಂಗ್ ಒಂದು ಏಟೂ ತಿನ್ನದೆ ತಾನಾಗಿ ಜಾರಿ ಕೂತಾಗ ನನಗೆ ಒಂಥರಾ ಅವಮಾನವಾಯಿತು. ಬೋಲ್ಟಿಗೆ ಅವರದೇ ಸ್ಪಾನರು. ಬೇಕಾದಷ್ಟು ಬಿಗಿಯಾದ ಕೂಡಲೇ ಅದು 'ಟಕ್' ಎನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಟಕ್ ಎಂದಿತು. ನನ್ನ ಕೈ ಇನ್ನೂ ಅರ್ಧ ಸುತ್ತಿಗೆ ಹೊರಟಿತು.

"ಸಾಕು ಮೇಸ್ತ್ರಿ."

"ಇಷ್ಟಕ್ಕೇನಾ? ಬಿಚ್ಚಿಕೊಳ್ಳಲ್ವಾ ಮೇಡಂ?"

"ಸಾಕು ಅಂದ್ನಲ್ಲ."

ಕೊನೆಗೆ ಮೋಟರನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸುತ್ತಾ ಎರಡು ಶಾಫ್ಟನ್ನೂ ನೇರಕ್ಕೆ ತರಲು ಅರ್ಧ ದಿನ ಹಿಡಿಯಿತು. ಅಡಿಪಟ್ಟಿಯಿಂದ ನಾನು ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸ. ಪಂಪು ಹಚ್ಚಿದಾಗ ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ಕಿವಿಗಿಟ್ಟೆ. ಏನೂ ಇಲ್ಲ. ಸ್ಟಾರ್ಟ್ ಆಗಲಿಲ್ಲವೇನೋ ಎಂದು ಪ್ಯಾನಲ್ ಕಡೆ ತಿರುಗಿದರೆ ಪಂಪು ಪೂರ್ತಿ ವೇಗದಲ್ಲಿ ನೀರು ಎತ್ತುತ್ತಿತ್ತು. ಮೇಡಂ ಒಂದು ಬೆಂಕಿಪೊಟ್ಟಣವನ್ನು ಮೋಟರಿನ ಮೇಲೆ ನೆಟ್ಟಗೆ ನಿಲ್ಲಿಸಿದರು. ಅದು ಬೀಳಲಿಲ್ಲ. ಸ್ಟೋರಿನವನು ಬಾಯಿಬಿಟ್ಟು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಬಾಗಿಲಾಚೆ ಬೆಂಚಿನ ಮೇಲೆ ಭಾವಮೈದುನ ಕೂತಿದ್ದ. ಒಳಗೆ ಬರುವ ಅಪ್ಪಣೆ ಅವನಿಗಿರಲಿಲ್ಲ.

ಗುರುವಾರ ಸಂಜೆಯಿಂದ ಶುಕ್ರವಾರ ಸಂಜೆಯವರೆಗೆ ನಾನು ಕಟ್ಟಿದ ಕತೆಗಳನ್ನು ಬರೆದಿಟ್ಟಿದ್ದರೆ ಒಂದು ಪುಸ್ತಕವಾಗುತ್ತಿತ್ತು. ಅಡಿಪಾಯ ಕುಸಿದಿದೆ ಎನ್ನಲೇ? ಮೋಟರು ಕಳಿಸಿದವರೇ ಕಾಲನ್ನು ಗಿಡ್ಡ ಮಾಡಿ ಕಳಿಸಿದರು ಎನ್ನಲೇ? ಭೂಮಿ ಸ್ವಲ್ಪ ನಡುಗಿತ್ತು ಎನ್ನಲೇ? ಆರು ವರ್ಷದಲ್ಲಿ ನಮ್ಮ ಊರಿನಲ್ಲಿ ನಡುಗಿದ ವಸ್ತು ಅಂದರೆ ಆ ಮೋಟರೊಂದೇ. ಸುಮ್ಮನಿದ್ದುಬಿಟ್ಟರೆ ಹೇಗೆ ಎಂದೂ ಯೋಚಿಸಿದೆ. ನಿವೃತ್ತಿಗೆ ಉಳಿದದ್ದು ಎರಡು ವರ್ಷ, ಡಾಕ್ಟ್ರು ಎನ್ನಿಸಿಕೊಂಡೇ ಹೋಗಬಹುದು. ಅವನು ಇನ್ನೂ ಚಿಕ್ಕವನು, ಬೇರೆ ಕೆಲಸ ಸಿಗುತ್ತದೆ, ನಾನೇ ಎಲ್ಲಾದರೂ ಮಾತಾಡಿ ಸೇರಿಸಿದರಾಯಿತು. ಇಷ್ಟು ದೂರ ಬಂದಾಗ ನನಗೇ ನನ್ನ ಮೇಲೆ ಅಸಹ್ಯ ಹುಟ್ಟಿತು. ಆದರೂ ಬಾಯಿ ಬಿಡುವ ಧೈರ್ಯ ಹುಟ್ಟಲಿಲ್ಲ.

ಶುಕ್ರವಾರ ಸಂಜೆ ಹೆಂಡತಿ ಅಡುಗೆಮನೆಯ ನೆಲದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಎದುರಿಗೆ ಕೂತು ನಾನೂ ಸುಲಿಯತೊಡಗಿದೆ. ಮದುವೆಯಾದ ಮೇಲೆ ನಾನು ಬಟಾಣಿ ಮುಟ್ಟಿದ್ದು ಅದೇ ಮೊದಲು.

"ಏನಾಗಬೇಕಿತ್ತು?" ಎಂದಳು.

"ನಿನ್ನ ಗುಂಡಿ ಡಬ್ಬಿ ಸಿಕ್ತು" ಎಂದೆ.

ಅಲ್ಲಿಂದ ಶುರುಮಾಡಿ ಎಲ್ಲ ಹೇಳಿದೆ. ತಗಡು, ಕಾಲು, ಪೈಪು, ಹದಿನೇಳು ಸಲ ಬರೆದದ್ದು, ಮೇಡಂ ಮುಂದೆ ಹೇಳಿದ ಸುಳ್ಳು. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕೊನೆಯ ಸಿಪ್ಪೆ ಪಕ್ಕಕ್ಕಿಟ್ಟು, "ನಾಳೆ ನೀವೇ ಹೋಗಿ ಹೇಳ್ತೀರೋ, ನಾನು ಬಂದು ಹೇಳ್ಲೋ?" ಎಂದಳು.

"ನಾನೇ ಹೇಳ್ತೀನಿ."

"ಸರಿ. ಕೈ ತೊಳ್ಕೊಳ್ಳಿ" ಎಂದು ಪಾತ್ರೆ ಎತ್ತಿಕೊಂಡು ಹೋದಳು.

ಶನಿವಾರ ಹನ್ನೊಂದಕ್ಕೆ ಸಾಹೇಬರ ಕೋಣೆಯಲ್ಲಿ ನಾವು ನಾಲ್ಕು ಜನ. ಸಾಹೇಬರು ಕುರ್ಚಿಯಲ್ಲಿ, ಮೇಡಂ ಕಿಟಕಿ ಹತ್ತಿರ, ಭಾವಮೈದುನ ಮೇಜಿನೆದುರು ಕೈಕಟ್ಟಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನಾನು ಬಾಗಿಲ ಪಕ್ಕ, ಓಡಿಹೋಗಲು ಅನುಕೂಲವಾಗುವಂತೆ. ಮೇಡಂ ಅಳತೆ ಓದಿದರು. ಸಾಹೇಬರಿಗೆ ಅರ್ಥವಾದಂತೆ ಕಾಣಲಿಲ್ಲ. ಅವರು ರಿಜಿಸ್ಟರು ತಿರುಗಿಸಿ ಭಾವಮೈದುನನ ಮುಂದಿಟ್ಟರು.

"ಹದಿನೇಳು ಸಲ ಇದೆ ನೋಡಪ್ಪ. ಎಲ್ಲದಕ್ಕೂ ನಿನ್ನ ಸಹಿ ಇದೆ. ಏನ್ ಹೇಳ್ತೀಯ?"

"ಹೇಳೋಕೆ ಏನೂ ಇಲ್ಲ ಸಾರ್" ಎಂದ ಅವನು. "ತಪ್ಪು ನಂದೇ ಇರಬೇಕು. ನಾನು ಎಷ್ಟು ಮೆತ್ತಗೆ ಹಚ್ಚಿದ್ರೂ ಅದು ಕೆಡುತ್ತೆ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ನಾನು ಬಾಯಿ ತೆರೆದೆ. ಮೊದಲು ಬಂದದ್ದು ಕೆಮ್ಮು. ಆಮೇಲೆ ಮಾತು ಬಂತು, ನಾನು ಅಭ್ಯಾಸ ಮಾಡಿಕೊಂಡಿದ್ದ ಗಂಭೀರ ಭಾಷಣ ಮಾತ್ರ ಬರಲಿಲ್ಲ.

"ಸಾರ್, ಆ ತಗಡು ನಮ್ಮನೆ ಬಿಸ್ಕತ್ ಡಬ್ಬಿದು."

ಸಾಹೇಬರು ನನಗೇನೋ ಆಗಿದೆ ಎನ್ನುವಂತೆ ನೋಡಿದರು. ಒಂದೊಂದೇ ಬಿಡಿಸಿ ಹೇಳಿದೆ. ಮೋಟರು ಕೂರಿಸಿದ್ದು ನಾನು, ತಗಡು ತುರುಕಿದ್ದು ನಾನು, ಪ್ರತಿ ಸಲವೂ ಅದೇ ಕಾಲನ್ನು ಪೈಪು ಹಾಕಿ ಬಿಗಿದದ್ದು ನಾನು. ಬೇರಿಂಗನ್ನು ಕೊಂದವನು ನಾನು, ಗೂಬೆ ಕೂರಿಸಿದ್ದು ಅವನ ತಲೆ ಮೇಲೆ. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿಕೊಂಡು, ಹದಿನೇಳು ಸಾಲಿಗೂ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಫಿಟ್ಟರನ ತಪ್ಪು" ಎಂದು ಬರೆದು ಸಹಿ ಹಾಕಿದೆ. ಈ ಸಲ ಅಕ್ಷರ ದುಂಡಗೆ ಬರಲಿಲ್ಲ. ಹದಿನೇಳು ಸಲ ಬರೆಯಲು ಸುಮಾರು ಹೊತ್ತು ಹಿಡಿಯುತ್ತದೆ.

ಸಾಹೇಬರು ನೋಟೀಸನ್ನು ಹಿಂದಕ್ಕೆ ಪಡೆದರು. ನನಗೆ ಒಂದು ಮೆಮೊ, ಜೊತೆಗೆ ಮೇಡಂ ಹತ್ತಿರ ಮೂರು ತಿಂಗಳು ಕೆಲಸ ಹೊಸದಾಗಿ ಕಲಿಯಬೇಕೆಂಬ ಆಜ್ಞೆ. ಭಾವಮೈದುನನಿಗೆ, "ಇವತ್ತೇ ಡ್ಯೂಟಿಗೆ ಸೇರ್ಕೊಳ್ಳಪ್ಪ" ಎಂದರು.

ಇಬ್ಬರೂ ಹೊರಗೆ ಬಂದೆವು. ಅವನು ಖುಷಿಪಡುತ್ತಾನೆ, ಇಲ್ಲವೇ ನನ್ನ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡಿದ್ದೆ. ಎರಡಕ್ಕೂ ಸಿದ್ಧನಾಗಿದ್ದೆ. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ಎರಡು ಮೆಟ್ಟಿಲು ಕೆಳಗೆ ನಿಂತೆ.

"ಭಾವ, ಹದಿನೇಳರಲ್ಲಿ ಒಂದಾದ್ರೂ ನನ್ನಿಂದ ಆಗಿರಬಹುದಾ?"

"ಇಲ್ಲ."

"ಒಂದೂ ಇಲ್ವಾ?"

"ಒಂದೂ ಇಲ್ಲ ಕಣೋ. ನಿನ್ನ ಜಾಗದಲ್ಲಿ ಯಾರಿದ್ರೂ ಅದು ಕೆಡ್ತಿತ್ತು."

"ಹಾಗಿದ್ರೆ ನಾನೇ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?"

"ಗೊತ್ತಾಗ್ತಿರ್ಲಿಲ್ಲ" ಎಂದೆ. "ನೋಡ್ತಾನೇ ಇರ್ಲಿಲ್ಲ. ಬರೀತಿದ್ದೆ."

ಅವನು ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ನೋಡಿದ.

"ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ ಭಾವ" ಎಂದ. "ಕೆಲವರ ಕೈ ಹಾಗೇ ಇರುತ್ತಲ್ಲ, ಮುಟ್ಟಿದ್ದೆಲ್ಲ ಕೆಡುತ್ತೆ. ನೀವು ಅಷ್ಟು ತಿಳಿದೋರು, ನೀವೇ ಹೇಳ್ತಿದ್ರಲ್ಲ. ಮಗಳು ಹುಟ್ಟಿದಾಗ ಅವಳನ್ನ ಎತ್ಕೊಳ್ಳೋಕೆ ಭಯ ಆಯ್ತು. ಸೊಂಟ ನೋವು ಅಂತ ಹೇಳಿ ತಪ್ಪಿಸ್ಕೊಂಡೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು. ಇವತ್ತಿನವರೆಗೂ ಎತ್ಕೊಂಡಿಲ್ಲ. ಅವಳೂ ಈಗ ಕೇಳಲ್ಲ."

ಅವನ ಸೊಂಟ ನೋವು ನಮ್ಮ ಮನೆಯಲ್ಲಿ ಹಳೆಯ ತಮಾಷೆ. ನೆಂಟರೆದುರು ಅವನನ್ನು ಅಜ್ಜ ಎಂದು ಕರೆದು ನಗಿಸುತ್ತಿದ್ದವನು ನಾನೇ. ಈಗ ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ. ಕ್ಷಮಿಸು ಎನ್ನಬೇಕಿತ್ತು. ಐವತ್ತಾರು ವರ್ಷದ ನನ್ನ ಬಾಯಿಗೆ ಆ ಮಾತು ರೂಢಿಯಿರಲಿಲ್ಲ. ಅದರ ಬದಲು ಇನ್ನೊಂದು ಹೊರಟಿತು.

"ಬಾ, ಪಂಪ್ ಹಚ್ಚು. ಎಷ್ಟು ಚೆನ್ನಾಗಿ ಓಡುತ್ತೆ ನೋಡುವಿಯಂತೆ. ನಾನೇ ಜೋಡಿಸಿದ್ದು." ಆಗಲೂ ನನಗೆ ಒಂದು ಚಪ್ಪಾಳೆ ಬೇಕಿತ್ತು, ನೋಡಿ.

ಅವನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಗೇಟಿನ ಮೇಲಿನ ಗಡಿಯಾರ ನೋಡಿದ.

"ಸೋಮವಾರ ಬರ್ತೀನಿ ಅಂತ ಸಾಹೇಬ್ರಿಗೆ ಹೇಳಿಬಿಡಿ ಭಾವ. ಹನ್ನೆರಡೂವರೆಗೆ ಸ್ಕೂಲ್ ಬಿಡುತ್ತೆ. ಎತ್ಕೊಂಡು ಬರ್ತೀನಿ."

ಸ್ಕೂಲು ಹತ್ತಿರವೇ, ಆ ಹುಡುಗಿ ದಿನಾ ತನ್ನ ಅಮ್ಮನ ಕೈ ಹಿಡಿದು ನಡೆದೇ ಮನೆಗೆ ಹೋಗುತ್ತಾಳೆ. ಅವಳಿಗೆ ಆಗಲೇ ಐದು ವರ್ಷ ತುಂಬಿತ್ತು. ಅವನು ಗೇಟು ದಾಟಿ, ಬೇಗ ಬೇಗ ಹೆಜ್ಜೆ ಹಾಕುತ್ತಾ ಸ್ಕೂಲಿನ ರಸ್ತೆ ಹಿಡಿದ.